ಹೆಬ್ಬೆಟ್ಟಿನ ಕನಸು



ಇವತ್ತು ದೊಡ್ಡ ವಿಷಯ ಏನೂ ಇಲ್ಲ. ಒಂದಿಷ್ಟು ಕಿರಿಕಿರಿ, ಒಂದು ಕನಸು, ಅಷ್ಟೇ. ಪುರುಸೊತ್ತಿದ್ದರೆ ಓದಿ. ಓದದೆ ಲೈಕ್ ಮಾತ್ರ ಒತ್ತಬೇಡಿ. ಯಾಕೆ ಅಂತ ಕೊನೇಲಿ ಗೊತ್ತಾಗುತ್ತೆ.

ಮೊದಲು ಕಿರಿಕಿರಿ. ಬೆಳಿಗ್ಗೆ ಎದ್ದು ಫೋನ್ ನೋಡಿದ್ರೆ ಮುನ್ನೂರು ಮೆಸೇಜು, ಅದರಲ್ಲಿ ಅರ್ಧ ಗುಲಾಬಿ ಹೂವಿನ ಶುಭೋದಯ. ನನ್ನನ್ನ ಕೇಳದೇ ಸೇರಿಸಿರೋ ಗುಂಪುಗಳನ್ನ ಎಣಿಸೋದೇ ಬಿಟ್ಟಿದ್ದೀನಿ. ಒಂದೇ ತಾಲ್ಲೂಕು, ಒಂದೇ ಸಂಘಟನೆ, ವಾಟ್ಸಾಪ್ ಗುಂಪು ಮಾತ್ರ ನಾಲ್ಕು. ಯಾಕಂದ್ರೆ ನಾಲ್ಕು ಜನ ಅಡ್ಮಿನ್ ಆಗ್ಬೇಕು! ಏಪ್ರಿಲ್ 14 ಬಂದ್ರೆ ಫ್ಲೆಕ್ಸಿನ ಫೋಟೋಗೆ ತೊಂಬತ್ತು ಜನರನ್ನ ಟ್ಯಾಗ್ ಮಾಡ್ತಾರೆ. ಅದರಲ್ಲಿ ಬಾಬಾಸಾಹೇಬರ ಮುಖಕ್ಕಿಂತ ಶುಭ ಕೋರುವವರ ಮುಖ ದೊಡ್ಡದು. ಇನ್ನು ಅವರು ಎಂದೂ ಹೇಳದ ಮಾತನ್ನ ನೀಲಿ ಅಕ್ಷರದಲ್ಲಿ ಬರೆದು ಕೆಳಗೆ ಅವರ ಹೆಸರು ಹಾಕೋರಿದ್ದಾರೆ. ಕನ್ನಡದಲ್ಲೇ ಅವರ ಬರಹ, ಭಾಷಣಗಳ ಸಂಪುಟಗಳು ಇವೆಯಲ್ಲಪ್ಪ, ಇದು ಯಾವ ಸಂಪುಟದಲ್ಲಿದೆ ಅಂತ ಕೇಳಿದ್ರೆ, 'ನೀನು ಯಾವ ಬಣ?' ಅಂತ ನನ್ನನ್ನೇ ಕೇಳ್ತಾರೆ.

ಹುಲಿ ಫೋಟೋ ಹಾಕ್ಕೊಂಡ ಹೆಸರಿಲ್ಲದ ವೀರನೊಬ್ಬ ವಾರಕ್ಕೊಮ್ಮೆ ಬಂದು 'ಮೀಸಲಾತಿ ಇನ್ನೆಷ್ಟು ವರ್ಷ?' ಅಂತಾನೆ. ಅವನಿಗೆ ಉತ್ತರ ಕೊಡೋಕೆ ಹೋಗಿ ಎಷ್ಟೋ ಸಲ ರಾತ್ರಿ ಒಂದು ಗಂಟೆ ಮಾಡಿದ್ದೀನಿ. ಅವನು ಬದಲಾಗಿಲ್ಲ, ನನ್ನ ಬಿಪಿ ಬದಲಾಗಿದೆ. ಅದಕ್ಕಿಂತ ಬೇಜಾರು ನಮ್ಮವರದ್ದೇ. ಒಳಮೀಸಲಾತಿ ಚರ್ಚೆ ಶುರುವಾದ ಮೇಲೆ ಇನ್‌ಬಾಕ್ಸಿಗೆ ಬಂದು 'ಸಾರ್, ತಾವು ಎಡಗೈಯೋ ಬಲಗೈಯೋ?' ಅಂತ ಕೇಳ್ತಾರೆ. ಊಟ ಮಾಡೋ ಕೈ ಯಾವುದು ಅಂತ ಮೇಲ್ಜಾತಿಯವನು ಕೇಳ್ತಿದ್ದಾನೇನೋ ಅನ್ನಿಸುತ್ತೆ.

ಹಾಗಂತ ಫೋನನ್ನ ಬೈಯ್ಯೋಕೆ ನನಗೆ ಬಾಯಿ ಬರಲ್ಲ. 1920ರಲ್ಲಿ ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದಾಗ, ದುಡ್ಡು ಕೊಡ್ತೀವಿ ಅಂದ್ರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ನಮ್ಮಲ್ಲಿ 'ಪಂಚಮ' ಪತ್ರಿಕೆ ಹುಟ್ಟಿದ್ದೂ ನಮ್ಮ ಮಾತಿಗೆ ಬೇರೆಯವರ ಪುಟದಲ್ಲಿ ಜಾಗ ಇಲ್ಲದ್ದಕ್ಕೇ. ಇವತ್ತು ಕೇರಿ ಹುಡುಗನೊಬ್ಬ ಕ್ಷೌರದಂಗಡಿಯಲ್ಲಿ ಆದ ಅವಮಾನವನ್ನ ಅಲ್ಲೇ ನಿಂತು ಲೈವ್ ಮಾಡಬಲ್ಲ. ಇದು ಸಣ್ಣ ಮಾತಲ್ಲ. ನನ್ನ ತಕರಾರು, ಆ ಹುಡುಗನ ಮಾತು ನಮಗೆ ಮುಟ್ಟುತ್ತಿದೆಯಾ ಅನ್ನೋದು.

ನನಗೆ ಮುಟ್ಟಲಿಲ್ಲ. ಅದನ್ನೇ ಹೇಳೋಕೆ ಇಷ್ಟೆಲ್ಲ ಬರೆದೆ.

ಮೊನ್ನೆ ರಾತ್ರಿ ಸುಮ್ನೆ ಮೆಸೇಜ್ ರಿಕ್ವೆಸ್ಟ್ ತೆಗೆದೆ. ಅಪರಿಚಿತರ ಮೆಸೇಜು ಬಿದ್ದಿರುತ್ತಲ್ಲ, ಆ ಮೂಲೆ. ಹನ್ನೊಂದು ದಿನದ ಹಿಂದೆ ಒಬ್ಬ ಹುಡುಗ ಬರೆದಿದ್ದ. 'ಅಣ್ಣಾ ಜೈ ಭೀಮ್. ನಮ್ಮಜ್ಜಿಗೆ ಎಸಿ ಕೋರ್ಟಿಂದ ನೋಟಿಸ್ ಬಂದಿದೆ. ಪಿಟಿಸಿಎಲ್ ಕೇಸು. ಯಾರಾದ್ರೂ ತಿಳಿದವರು ಜೊತೆಗೆ ಬರ್ತಾರಾ?' ಜೊತೆಗೆ ನೋಟಿಸಿನ ಫೋಟೋ. ವಿಚಾರಣೆ ತಾರೀಖು ಮುಗಿದು ಆಗಲೇ ನಾಲ್ಕು ದಿನ ಆಗಿತ್ತು. ಈ ಹನ್ನೊಂದು ದಿನ ನಾನೇನು ಮಾಡ್ತಿದ್ದೆ? ಹುಲಿಗೆ ಉತ್ತರ ಕೊಡ್ತಿದ್ದೆ.

ಆ ರಾತ್ರಿಯ ಕನಸು ಇದು. ನಮ್ಮ ತಾತ ತಮಟೆ ಹಿಡಿದು ಊರಲ್ಲಿ ಸಾರ್ತಾ ಬರ್ತಿದ್ದಾನೆ. (ಅಪ್ಪ ಸಂಘಕ್ಕೆ ಸೇರಿದ ಮೇಲೆ ಆ ಬಿಟ್ಟಿ ಚಾಕರಿ ಬಿಡಿಸಿದ್ದು, ಕನಸಿಗೆ ಅದೆಲ್ಲ ಗೊತ್ತಿಲ್ಲ.) ಒಂದೊಂದೇ ಮನೆಯಿಂದ ಜನ ಹೊರಗೆ ಬರ್ತಾರೆ. ಎಲ್ಲರ ಹೆಬ್ಬೆರಳಿಗೂ ನೀಲಿ ಶಾಯಿ. ತಮಟೆ ಮೇಲೆ ಹೆಬ್ಬೆಟ್ಟು ಒತ್ತಿ, ನಕ್ಕು, ಒಳಗೆ ಹೋಗಿ ಬಾಗಿಲು ಹಾಕ್ಕೋತಾರೆ. ಶಾಯಿಗೆ ಚರ್ಮ ನೆನೆದು ನೆನೆದು ತಮಟೆ ಸದ್ದೇ ಬರ್ತಿಲ್ಲ. 'ಬೆಂಕಿ ತತ್ತಾ ಮಗಾ, ಕಾಯಿಸ್ಬೇಕು' ಅಂದ ತಾತ. ನನ್ನ ಹತ್ರ ಇದ್ದದ್ದು ಫೋನು. ಟಾರ್ಚ್ ಹಾಕಿ ತಮಟೆಗೆ ಹಿಡಿದೆ. ತಾತ ಅದನ್ನೇ ನೋಡಿ, 'ಬೆಳಕೇನೋ ಅದೆ ಕಣ್ಲಾ, ಕಾವೇ ಇಲ್ವಲ್ಲೋ' ಅಂದ. ಎಚ್ಚರ ಆಯ್ತು.

ಹೆಬ್ಬೆಟ್ಟು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ತಾತನಿಗೆ ದರಖಾಸ್ತಲ್ಲಿ ಬಂದಿದ್ದ ಎರಡು ಎಕರೆ ಹೋಗಿದ್ದು ಮದುವೆ ಸಾಲಕ್ಕೆ ಒತ್ತಿದ ಒಂದು ಹೆಬ್ಬೆಟ್ಟಲ್ಲಿ. ಇಂಥ ಸಾವಿರಾರು ಹೆಬ್ಬೆಟ್ಟುಗಳಿಗಾಗಿಯೇ 1978ರ ಪಿಟಿಸಿಎಲ್ ಕಾಯ್ದೆ ಬಂದಿದ್ದು. ನಮಗೆ ಮಂಜೂರಾದ ಜಮೀನನ್ನ ಕಾಯ್ದೆ ಮೀರಿ ಪರಭಾರೆ ಮಾಡಿದ್ರೆ ಅದನ್ನ ರದ್ದು ಮಾಡಿ ವಾಪಸ್ ಕೊಡಿಸೋ ಅಧಿಕಾರ ಎಸಿಗೆ ಇದೆ. 2017ರಲ್ಲಿ ಸುಪ್ರೀಂ ಕೋರ್ಟು, ತುಂಬಾ ತಡವಾಗಿ ಹಾಕಿದ ಅರ್ಜಿ ನಿಲ್ಲಲ್ಲ ಅಂತು. ಫ್ರೀಡಂ ಪಾರ್ಕಲ್ಲಿ ನಮ್ಮ ಜನ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ, 2023ರಲ್ಲಿ ಕಾಲಮಿತಿ ಅಡ್ಡ ಬರಬಾರದು ಅಂತ ತಿದ್ದುಪಡಿ ಬಂತು. ಆದ್ರೂ 'ಇಷ್ಟು ದಿನ ಎಲ್ಲಿದ್ರಿ?' ಅನ್ನೋ ಪ್ರಶ್ನೆ ನಮ್ಮ ಬೆನ್ನು ಬಿಟ್ಟಿಲ್ಲ. ಆ ಪ್ರಶ್ನೆಗೆ ನಾನೂ ಹನ್ನೊಂದು ದಿನ ಸೇರಿಸಿದೆ.

ಹುಡುಗನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. 'ಪರವಾಗಿಲ್ಲ ಅಣ್ಣ, ಅಜ್ಜಿ ಒಬ್ರೇ ಹೋಗಿದ್ರು. ಅವ್ರ ಕಡೆ ವಕೀಲರಿದ್ರು. ಮುಂದಿನ ತಾರೀಖು ಕೊಟ್ಟವ್ರೆ' ಅಂದ. ಆ 'ಪರವಾಗಿಲ್ಲ' ಕೇಳಿ ತಲೆ ತಗ್ಗಿಸಿದೆ. ಆ ಹುಡುಗನೇ ಒಂದು ಮಾತು ಸೇರಿಸಿದ: 'ಅವತ್ತು ಸ್ಟೇಟಸ್‌ಗೂ ಹಾಕಿದ್ದೆ ಅಣ್ಣ. ಎಂಬತ್ತು ಜನ ನೋಡಿದ್ರು.'

ಮುಂದಿನ ತಾರೀಖಿಗೆ ನಾನು, ಇಬ್ಬರು ಗೆಳೆಯರು, ಒಬ್ಬ ವಕೀಲರು ಹೋಗ್ತಿದ್ದೀವಿ. ಪಿಟಿಸಿಎಲ್ ಕೇಸು ನಡೆಸಿ ಅನುಭವ ಇರೋ ವಕೀಲ ಗೆಳೆಯರು, ತಾರೀಖಿನ ದಿನ ಅಜ್ಜಿಯಂಥವರ ಜೊತೆ ಬೆಂಚಲ್ಲಿ ಕೂರೋಕೆ ತಯಾರಿರೋರು ಕೆಳಗೆ ನಿಮ್ಮ ತಾಲ್ಲೂಕಿನ ಹೆಸರು ಬರೀರಿ. ಅದೊಂದೇ ಸಾಕು. ಗುಂಪು ಮಾಡಲ್ಲ, ಭಯ ಬೇಡ. ಎಲ್ಲರೂ ಇವತ್ತು ರಾತ್ರಿ ಮಲಗೋ ಮೊದಲು ಒಮ್ಮೆ ಆ ಮೆಸೇಜ್ ರಿಕ್ವೆಸ್ಟಿನ ಮೂಲೆ ತೆಗೆದು ನೋಡಿ.

ಹೆಬ್ಬೆಟ್ಟು ಬೇಡ. ತಮಟೆ ಆಗಲೇ ನೆನೆದಿದೆ.