ಬಣ್ಣದಡಿಯ ಗೆರೆ



ರಜೆಗೆ ಕೋಡಿಹಳ್ಳಿಗೆ ಬಂದ ಮೊಮ್ಮಗಳು ಪುಟ್ಟಿ ಈ ಸಲ ಮಾವಿನ ಮರ ಹತ್ತಲಿಲ್ಲ. ನೇರವಾಗಿ ಕೊಟ್ಟಿಗೆಗೆ ಹೋಗಿ, ಗೋಣಿಚೀಲ ಹೊದ್ದು ನಿಂತಿದ್ದ ನನ್ನ ಯೆಜ್ಡಿ ಬೈಕಿನ ಮುಂದೆ ನಿಂತಳು. "ತಾತ, ಇದನ್ನ ಫಳಫಳ ಅನ್ನೋ ಹಾಗೆ ಮಾಡೋಣ. ಆಮೇಲೆ ನನ್ನ ಕೂರಿಸ್ಕೊಂಡು ಕನಕಪುರಕ್ಕೆ ಹೋಗ್ಬೇಕು" ಅಂದಳು.

ಈ ಗಾಡಿ ನಮ್ಮ ಮೈಸೂರಿನ ಕೂಸು. ಚೆಕ್ ದೇಶದ ಯಾನೆಚೆಕ್ ಎಂಬಾತ 1929ರಲ್ಲಿ ಮೋಟಾರ್ ಸೈಕಲ್ ತಯಾರಿಸಲು ಹೊರಟಾಗ ವಾಂಡರರ್ ಎಂಬ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡುಕೊಂಡ. ಎರಡೂ ಹೆಸರುಗಳ ಮೊದಲೆರಡು ಇಂಗ್ಲಿಷ್ ಅಕ್ಷರ ಸೇರಿಸಿದರೆ 'ಜಾವಾ'. ಆ ಗಾಡಿಯನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಲ್ಲಿ ಇಲ್ಲೇ ತಯಾರಿಸತೊಡಗಿತು. ಮುಂದೆ ಅದೇ ಕಾರ್ಖಾನೆ 'ಯೆಜ್ಡಿ' ಎಂಬ ಹೆಸರಿನಲ್ಲಿ ಗಾಡಿ ಮಾಡಿತು. 1996ರಲ್ಲಿ ಬಾಗಿಲು ಮುಚ್ಚಿತು. ಎರಡು ಸೈಲೆನ್ಸರ್, ಕಿಕ್ಕರಿಗೂ ಗೇರಿಗೂ ಒಂದೇ ಲಿವರ್. ನಾನು ಇದರ ಮೇಲೆ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡು ರಾಮನಗರದ ಮಾರುಕಟ್ಟೆಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ.

ಹ್ಯಾಂಡಲ್ಲಿನಿಂದಲೇ ಕೆಲಸ ಶುರುಮಾಡಿದೆವು. ಎಡಗೈಯ ಕ್ಲಚ್ ಲಿವರ್, ಬಲಗೈಯ ಮುಂದಿನ ಬ್ರೇಕ್ ಲಿವರ್ ಎರಡಕ್ಕೂ ಬಳಿದಿದ್ದ ಬೆಳ್ಳಿ ಬಣ್ಣ ಸುಲಿದು ತೇಪೆ ತೇಪೆಯಾಗಿತ್ತು. ಪುಟ್ಟಿಯ ಅಯಸ್ಕಾಂತ ಹ್ಯಾಂಡಲ್ಲಿಗೆ ಟಕ್ಕನೆ ಅಂಟಿತು. ಅಂದರೆ ಅದು ಕ್ರೋಮ್ ಲೇಪದ ಉಕ್ಕು. ಅದನ್ನು ಉಜ್ಜಿದರೆ ಲೇಪವೇ ಹೋಗುತ್ತದೆ, ಒರೆಸಿ ಬಿಡಬೇಕು. ಲಿವರಿಗೆ ಅಯಸ್ಕಾಂತ ಅಂಟಲಿಲ್ಲ. ಅದು ಅಲ್ಯೂಮಿನಿಯಂ. ಅಲ್ಯೂಮಿನಿಯಂ ಕಬ್ಬಿಣದಂತೆ ತುಕ್ಕು ಹಿಡಿದು ಉದುರುವುದಿಲ್ಲ. ಗಾಳಿ ತಾಗಿದೊಡನೆ ತನ್ನ ಮೈಮೇಲೆ ತಾನೇ ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ.

ಕೇಬಲ್ ಕಳಚಿ, ಬೋಲ್ಟ್ ಬಿಚ್ಚಿ, ಲಿವರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆವು. ಅಷ್ಟರಲ್ಲಿ ನಮ್ಮ ಮನೆಯವಳು ಬಟ್ಟಲು ಹಿಡಿದುಕೊಂಡು ಬಂದಳು. "ಹುಣಸೆಹಣ್ಣು ಹಾಕಿ ತಿಕ್ಕಿ. ನನ್ನ ತಾಮ್ರದ ಚೊಂಬು ನೋಡಿ, ಹೆಂಗೆ ಹೊಳೀತೈತೆ!"

"ತಾಮ್ರಕ್ಕೆ ಅದು ಸರಿ. ಕಿಲುಬನ್ನ ಹುಳಿ ಕರಗಿಸ್ತದೆ. ಇದಕ್ಕೆ ಬೇಡ" ಅಂದೆ.

"ಹಂಗಾದ್ರೆ ಸೋಡಾ?"

"ಅಯ್ಯೋ! ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ಕುದಿಸಿ ಕಪ್ಪು ಮಾಡ್ಕೊಂಡಿದ್ದು ಮರೆತೆಯಾ?"

ಪುಟಾಣಿಗಳೇ, ಹೊಳಪು ತರುವುದು ಅಂದರೆ ದೊಡ್ಡ ಗೀರುಗಳನ್ನು ಚಿಕ್ಕ ಗೀರುಗಳಾಗಿ ಮಾಡುವುದು, ಅಷ್ಟೆ. ಮೊದಲು 220ನೇ ನಂಬರಿನ ವಾಟರ್ ಪೇಪರ್, ಆಮೇಲೆ 400, 800, 1200. ನಂಬರ್ ಹೆಚ್ಚಿದಷ್ಟೂ ಕಾಗದ ನುಣುಪು. ನೀರು ಹಾಕುತ್ತಾ ಉಜ್ಜಬೇಕು. ಒಂದು ಸಲ ಉದ್ದಕ್ಕೆ ಉಜ್ಜಿದರೆ ಮುಂದಿನ ಕಾಗದದಲ್ಲಿ ಅಡ್ಡಕ್ಕೆ. ಹಿಂದಿನ ಗೀರು ಪೂರ್ತಿ ಅಳಿದ ಮೇಲಷ್ಟೇ ಮುಂದಿನ ನಂಬರ್. ಕೊನೆಗೆ ಹಳೇ ಪಂಚೆಯ ತುಂಡಿಗೆ ಪಾಲಿಶ್ ಹಚ್ಚಿ ತಿಕ್ಕಬೇಕು. ಕ್ಲಚ್ ಲಿವರ್ ಸಂಜೆಯೊಳಗೆ ಕನ್ನಡಿಯಂತಾಯಿತು. ಪುಟ್ಟಿ ಅದರಲ್ಲಿ ಮೂಗು ನೋಡಿಕೊಂಡು ನಕ್ಕಳು.

ಮರುದಿನ ಬ್ರೇಕ್ ಲಿವರ್. 400ನೇ ಕಾಗದಕ್ಕೆ ಬರುವ ಹೊತ್ತಿಗೆ ಪುಟ್ಟಿ ಕೇಳಿದಳು: "ತಾತ, ಈ ಒಂದು ಗೆರೆ ಮಾತ್ರ ಹೋಗ್ತಾನೇ ಇಲ್ಲ ಯಾಕೆ?"

ಬೋಲ್ಟ್ ಕೂರುವ ತೂತಿನ ಪಕ್ಕದಲ್ಲಿ ಕೂದಲೆಳೆಯಂಥ ಗೆರೆ. ನನ್ನ ಎದೆ ಧಸಕ್ಕೆಂದಿತು. ಲಿವರಿಗೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದೆ. ಬಿಳಿ ಪುಡಿಯ ಮೇಲೆ ನಿಧಾನವಾಗಿ ಒದ್ದೆ ಗೆರೆ ಮೂಡಿತು. ಒಳಗೆ ಇಳಿದ ಎಣ್ಣೆ ಹೊರಗೆ ಜಿನುಗುತ್ತಿತ್ತು. ಅದು ಗೀರಲ್ಲ, ಬಿರುಕು. ಹಿಂದಿನ ಕಾಲದ ರೈಲ್ವೆ ವರ್ಕ್‌ಶಾಪುಗಳಲ್ಲಿ ಉಕ್ಕಿನ ಭಾಗಗಳ ಬಿರುಕನ್ನು ಹೀಗೇ ಎಣ್ಣೆ, ಸುಣ್ಣದ ಪುಡಿಯಿಂದ ಹುಡುಕುತ್ತಿದ್ದರು.

"ಇದು ಹೆಂಗಾಯ್ತು ತಾತ?"

ಈಗ ನಿಜ ಹೇಳಲೇಬೇಕಾಯಿತು. ಹನ್ನೆರಡು ವರ್ಷದ ಹಿಂದೆ ಕನಕಪುರದಿಂದ ಮಳೆಯಲ್ಲಿ ಬರುವಾಗ ಜಾರಿ ಬಲಕ್ಕೆ ಬಿದ್ದಿದ್ದೆ. ಮೊಣಕೈ ತರಚಿತ್ತು, ಲಿವರ್ ಬಾಗಿತ್ತು. ಮನೆಯಲ್ಲಿ ಗೊತ್ತಾದರೆ ಗಾಡಿ ಮುಟ್ಟಲು ಬಿಡುವುದಿಲ್ಲವೆಂದು, ಲಿವರನ್ನು ಪೈಪಿಗೆ ಸಿಕ್ಕಿಸಿ ನೆಟ್ಟಗೆ ಮಾಡಿದೆ. ಗುರುತು ಕಾಣದಿರಲೆಂದು ಎರಡಕ್ಕೂ ಬೆಳ್ಳಿ ಬಣ್ಣ ಬಳಿದೆ. ಬೇಲಿ ಕಟ್ಟುವ ತಂತಿಯನ್ನು ಅತ್ತಿತ್ತ ಬಾಗಿಸುತ್ತಾ ಹೋದರೆ ಬಿಸಿಯಾಗಿ ಪಟ್ಟನೆ ಮುರಿಯುತ್ತದಲ್ಲ? ಬಾಗಿದ ಲೋಹವನ್ನು ಮತ್ತೆ ಬಾಗಿಸಿದರೆ ಅದರ ಗತಿಯೂ ಅಷ್ಟೇ.

ಬಾಗಿಲಲ್ಲಿ ನಿಂತು ನಮ್ಮವಳು ಎಲ್ಲ ಕೇಳಿಸಿಕೊಂಡಿದ್ದಳು. "ಅಂದ್ರೆ, ಹನ್ನೆರಡು ವರ್ಷ ನನ್ನನ್ನೂ ಇದರ ಹಿಂದೆ ಕೂರಿಸ್ಕೊಂಡು ತಿರುಗಿದ್ರಾ?" ಅಂದಳು. ಅವಳು ಜೋರು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಉತ್ತರ ಕೊಡಲು ನನ್ನ ಬಾಯಿ ಏಳಲಿಲ್ಲ. ಬ್ರೇಕ್ ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮುಂದಿನ ಬ್ರೇಕೇ ಹೆಚ್ಚು ಕೆಲಸ ಮಾಡುವುದು. ಆ ಹೊತ್ತಿನಲ್ಲಿ ಲಿವರ್ ಮುರಿದಿದ್ದರೆ?

"ಇನ್ನು ಸ್ವಲ್ಪ ಉಜ್ಜಿದ್ರೆ ಕಾಣಿಸಲ್ಲ ತಾತ. ಒಂದೇ ಒಂದು ರೌಂಡು..." ಪುಟ್ಟಿಯ ಕಣ್ಣು ತುಂಬಿತ್ತು. ಮೂರು ದಿನದಲ್ಲಿ ಅವಳ ರಜೆ ಮುಗಿಯುತ್ತಿತ್ತು. "ಕಾಣಿಸದ ಹಾಗೆ ಮಾಡೋ ಕೆಲಸ ನಾನು ಒಂದು ಸಲ ಮಾಡಿದ್ದೀನಿ ಮಗಳೇ, ಸಾಕು" ಅಂದೆ.

ಮರುದಿನ ಬೆಳಗಿನ ಬಸ್ಸಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹೊಸ ಲಿವರ್ ತಂದೆ. ಕೇಬಲ್ಲನ್ನೂ ಬದಲಾಯಿಸಿ, ಮೆಕ್ಯಾನಿಕ್ ಕೈಲಿ ತೋರಿಸಿದ ಮೇಲೆ, ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಕನಕಪುರಕ್ಕೆ ಹೋಗಿಬಂದೆವು. ಅದರ ಮಾರನೆಯ ದಿನ ಪುಟ್ಟಿ ಊರಿಗೆ ಹೊರಟಳು. ಅಜ್ಜಿ ಮಾತ್ರ ಇನ್ನೂ ಹಿಂದಿನ ಸೀಟಿಗೆ ಬಂದಿಲ್ಲ. ಬಾ ಎಂದು ಕರೆಯಲು ನನಗೂ ಇನ್ನೂ ಧೈರ್ಯ ಬಂದಿಲ್ಲ.

ಅರ್ಧ ಹೊಳೆಯುವ ಹಳೇ ಲಿವರ್ ಕೊಟ್ಟಿಗೆಯ ಮೊಳೆಗೆ ತೂಗುಹಾಕಿದೆ. ದಿನಾ ಕಣ್ಣಿಗೆ ಬೀಳಲಿ ಅಂತ ನಾನೇ ತೂಗುಹಾಕಿದ್ದು.

ಮಕ್ಕಳೇ, ನಿಮ್ಮ ತಾತನ ಸೈಕಲ್ಲೋ ಸ್ಕೂಟರೋ ಇದ್ದರೆ ಈ ಭಾನುವಾರ ಬ್ರೇಕ್ ಲಿವರನ್ನು ಒರೆಸಿಕೊಡಿ. ಒರೆಸುತ್ತಾ ಬೋಲ್ಟಿನ ಸುತ್ತ ಚೆನ್ನಾಗಿ ನೋಡಿ. ಗೆರೆ ಕಂಡರೆ ತಾತನಿಗೆ ಹೇಳಿ. ಅವರು ಕೇಳದಿದ್ದರೆ ಅಜ್ಜಿಗೆ ಹೇಳಿ!