ಆ್ಯಪ್‌ನಲ್ಲಿರುವುದು ಯಾರ ಮನೆಯ ಚೌಕಾಬಾರ?

ಸಾಮಾನ್ಯವಾಗಿ ಚೌಕಾಬಾರಕ್ಕೆ ಬೇಕಾದದ್ದು 25 ಮನೆ, 4 ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ 8. ಇಲ್ಲಿಯವರೆಗೆ ಜಗಳವಿಲ್ಲ. ಎದುರಾಳಿಯ ಕಾಯಿ ಕಡಿಯದೆ ಒಳಮನೆಗೆ ಹೋಗಬಹುದೇ? ನಮ್ಮಜ್ಜಿ ‘ಆಗದು’ ಎನ್ನುತ್ತಾರೆ. ಹಾಸ್ಟೆಲ್ ಗೆಳೆಯ ‘ನಮ್ಮೂರಲ್ಲಿ ನಡೆಯುತ್ತೆ’ ಎನ್ನುತ್ತಾನೆ. ಯಾರು ಯಾವ ಊರಿನವರೆಂದು ಗೊತ್ತಾಗುವುದೇ ಈ ವಾದದಲ್ಲಿ.

ನಾನು ಆಡಿದ ಆ್ಯಪ್‌ನಲ್ಲಿ ವಾದಕ್ಕೆ ಜಾಗವಿಲ್ಲ. ಕೋಡ್ ಬರೆದವರ ನಿಯಮವೇ ಎಲ್ಲರ ನಿಯಮ. ಅದರಲ್ಲೇ ಆಟ ಕಲಿಯುವ ಮಕ್ಕಳಿಗೆ ಅಜ್ಜಿಯ ನಿಯಮ ತಪ್ಪೆನಿಸೀತು. ನಾಳೆ ಆ್ಯಪ್ ಮಾಡುವವರು ನಾವೇ ತಾನೆ? ಆಟಕ್ಕೆ ಮುಂಚೆ ‘ನಿಮ್ಮ ಮನೆಯಲ್ಲಿ ಹೇಗೆ ಆಡ್ತೀರಿ?’ ಎಂದು ಅದು ಕೇಳಲಿ. ಕೋಡ್ ನಾಲ್ಕು ಸಾಲು ಹೆಚ್ಚಾದರೂ ಚಿಂತೆಯಿಲ್ಲ, ಹತ್ತಾರು ಊರಿನ ಆಟ ಉಳಿಯುತ್ತದೆ.