ಶೂ ಹೊಲಿದ ಕೈ ಕಟ್ಟಿದ ಕಾಲೇಜು



ನಮ್ಮ ಕುರುಬರಹಳ್ಳಿಯಲ್ಲಿ ಚಪ್ಪಲಿ ಹೊಲಿಯೋ ಅಣ್ಣನಿಗೆ ನಿನ್ನೆ ವಿಲಿಯಂ ಕೇರಿ ಕಥೆ ಹೇಳಿದೆ. 1818ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಕಾಲೇಜು ಕಟ್ಟಿದ ಮೂವರು ಬ್ಯಾಪ್ಟಿಸ್ಟರಲ್ಲಿ ಒಬ್ಬರು. ಅದಕ್ಕೂ ಒಂದು ವರ್ಷ ಮೊದಲೇ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ್ದರು. ಇಂಗ್ಲೆಂಡಿನಲ್ಲಿದ್ದಾಗ ಅವರದು ಶೂ ಹೊಲಿಯೋ ಕೆಲಸ.

ಅಣ್ಣ ದಾರ ಎಳೀತಾ ಕೇಳಿದರು: "ಅವರ ಮಕ್ಳ ಜಾತಿ ಯಾರೂ ಕೇಳ್ಲಿಲ್ವಾ ಸಾರ್?"

ಅಲ್ಲಿ ಅದು ಕಸುಬು, ಬಿಟ್ಟರೆ ಬಿಟ್ಟುಹೋಯ್ತು. ಇಲ್ಲಿ ದೇವರನ್ನ ಬದಲಾಯಿಸಿದರೂ ಜಾತಿ ಬಿಡಲ್ಲ, ಚರ್ಚಿನೊಳಗೂ ಬಂದು ಕೂತಿತು. ಈ ಮಾತನ್ನ ಅರವಿಂದ ನಿರ್ಮಲ್ 1981ರಲ್ಲಿ ಎತ್ತಿದ್ದು ನಮ್ಮ ಬೆಂಗಳೂರಲ್ಲೇ, ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಕೇರಿ ಸೊಸೈಟಿಯಲ್ಲಿ. (ಹೆಸರು ನೋಡಿ, ಕೇರಿ! ನಮ್ಮದೇ ಅನ್ನಿಸಲ್ವಾ?) ದಲಿತ ದೇವಶಾಸ್ತ್ರ ಬೆಳೆದದ್ದು ಅಲ್ಲಿಂದ.

ಆದರೆ 1950ರ ರಾಷ್ಟ್ರಪತಿ ಆದೇಶಕ್ಕೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಇವತ್ತಿಗೂ ಪರಿಶಿಷ್ಟ ಜಾತಿ ಪಟ್ಟಿಯ ಹೊರಗೆ. ಗುಮಾಸ್ತ ನಾನು, ಒಂದು ಕಾಲಂ ಖಾಲಿ ಬಿದ್ದರೆ ಬದುಕು ಎಲ್ಲಿ ನಿಲ್ಲುತ್ತೆ ಅಂತ ಗೊತ್ತು. ನಿರ್ಮಲ್ ಅವರನ್ನ ಓದಿ ಪದವಿ ತಗೊಂಡ ಪಾದ್ರಿಗಳೇ, ಈ ಪಟ್ಟಿಯ ಹೋರಾಟಕ್ಕೆ ಇನ್ನೂ ಹೆಚ್ಚು ಜನ ಬೀದಿಗೆ ಬನ್ನಿ. ನಾವೂ ಜೊತೆಗೆ ಬರ್ತೀವಿ.